ನಾಗೇಂದ್ರಪ್ಪನ ಚಪ್ಪಾಳೆ

ನಮ್ಮ ಪಕ್ಕದ ಮನೆಯ ನಾಗೇಂದ್ರಪ್ಪ ಹೊನ್ನಾಳಿಯ ಹುಡುಗರಿಗೆ ಇಂಗ್ಲಿಷು ಮಾತಾಡುವುದನ್ನು ಕಲಿಸುತ್ತಾನೆ. ಮೊದಲು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಾವಣಗೆರೆಗೆ ಹೋಗಿ ಅದೇನೋ ಕೋರ್ಸು ಮುಗಿಸಿ ಬಂದವನು, ಅಂಗಳಕ್ಕೆ ತಗಡು ಹೊದಿಸಿ ಬೋರ್ಡು ಹಾಕಿದ. ಅವತ್ತಿನಿಂದ ಅವನು ನಮ್ಮ ಹಾಗೆ ಎದ್ದದ್ದಿಲ್ಲ, ಕೂತದ್ದಿಲ್ಲ. ಎದ್ದರೆ ‘ಗೆಟಪ್’, ಕೂತರೆ ‘ಸಿಟ್ ಡೌನ್’, ಸ್ಕೂಟರ್ ಕೆಟ್ಟರೆ ‘ಬ್ರೇಕ್ ಡೌನ್’. ಹೆಂಡತಿ ನಿರ್ಮಲಮ್ಮ ತರಕಾರಿ ತರಲು ಹೇಳಿದರೆ ‘ಪುಟ್ ಆಫ್’, ಅಂದರೆ ನಾಳೆ ನೋಡೋಣ.

“ಇಂಗ್ಲಿಷಿನ ಜೀವ ಎಲ್ಲಾ ಈ ಜೋಡಿ ಮಾತಿನಾಗೆ ಐತೆ, ದೊಡ್ಡವ್ವ” ಅಂದ ಒಮ್ಮೆ ನನಗೆ.

“ಇರ್ಲಿ ಬಿಡಪ್ಪ. ನಿನ್ನ ಹಸುಗೆ ಮೇವು ಎಲ್ಲೈತೆ? ಬೆಳಗಿಂದ ಅರಚ್ತಾ ಐತೆ.”

ಅವನು ಕಲಿಸುವ ಬಗೆಯೇ ಬೇರೆ. ಒಂದು ಜೋಡಿ ಮಾತು ಕೊಡುತ್ತಾನೆ. ಎದ್ದು ನಿಂತವರು ತಮ್ಮ ಮನೆಯದೇ ಸಂಗತಿ ಹಿಡಿದು ವಾಕ್ಯ ಕಟ್ಟಬೇಕು. ಮೊದಲು ಇಂಗ್ಲಿಷು, ಬೆನ್ನಿಗೇ ಕನ್ನಡ. ತಪ್ಪಿಲ್ಲದಿದ್ದರೆ “ವೆರಿ ಗುಡ್, ಚಪ್ಪಾಳೆ!” ಹೀಗಾಗಿ ಗೋಡೆಯಾಚೆ ಅಕ್ಕಿ ಆರಿಸುವ ನನಗೆ ಊರಿನ ಅರ್ಧ ಸಂಸಾರ ಬಾಯಿಪಾಠ. “ನಮ್ಮಪ್ಪ ಕುಡಿಯೋದು ಬಿಟ್ಟಿಲ್ಲ” ಅಂತ ಹುಡುಗಿಯೊಬ್ಬಳು ಹೇಳಿದಾಗಲೂ ಚಪ್ಪಾಳೆ ಬಿತ್ತು. ವಾಕ್ಯ ನೆಟ್ಟಗಿದ್ದರಾಯಿತು, ಸಂಸಾರ ಎಷ್ಟು ಸೊಟ್ಟಗಿದ್ದರೂ ಅವನಿಗೆ ಸಂತೋಷ.

ಅವನ ಮಗಳು ರೂಪಶ್ರೀ ನರ್ಸಿಂಗ್ ಓದುತ್ತಿದ್ದಳು. ಜಗಳೂರಿನಿಂದ ಒಂದು ಸಂಬಂಧ ಬಂತು. ಹುಡುಗ ಶರಣು ಅಂತ, ಸ್ವಂತ ಟ್ರ್ಯಾಕ್ಟರ್ ಶೋರೂಮು. ಆದರೆ ಮದುವೆಯಾದ ಮೇಲೆ ಹುಡುಗಿ ಓದು ಬಿಡಬೇಕಂತೆ.

“ಬ್ಯಾಡಪ್ಪ, ನನಗೆ ಓದಬೇಕು” ಅಂತ ಅವಳು ಅತ್ತಳು. ಕನ್ನಡದಲ್ಲಿ ಅತ್ತದ್ದಕ್ಕೋ ಏನೋ, ಅವನ ಕಿವಿಗೆ ಬೀಳಲಿಲ್ಲ. ಗಂಡಿನವರಿಗೆ ಬನ್ನಿ ಅಂದುಬಿಟ್ಟ.

ಹೆಣ್ಣು ನೋಡುವ ದಿನ ನನ್ನನ್ನೂ ಕರೆದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಬೇರೆ ಮನೆಗಳಲ್ಲಾದರೆ ಹುಡುಗಿಯಿಂದ ಒಂದು ವಚನ ಹಾಡಿಸುತ್ತಾರೆ. ನಾಗೇಂದ್ರಪ್ಪ ಶಲ್ಯ ಕೊಡವಿ ಎದ್ದ. “ನನ್ನ ಮಗಳ ಇಂಗ್ಲಿಷು ಕೇಳ್ರಿ ಒಂದೀಟು. ಪುಟಪ್ ವಿತ್! ಹೇಳವ್ವ.”

ರೂಪಶ್ರೀ ಪಾಠದಲ್ಲಿ ನಿಲ್ಲುವ ಹಾಗೇ ಕೈಕಟ್ಟಿ ನಿಂತಳು. ಇಂಗ್ಲಿಷಿನಲ್ಲಿ ಪಟಪಟ ಹೇಳಿ, ಬೆನ್ನಿಗೇ ಕನ್ನಡ: “ನಮ್ಮವ್ವ ಇಷ್ಟು ವರ್ಷ ನಮ್ಮಪ್ಪನ್ನ ಸಹಿಸ್ಕೊಂಡು ಬಂದಾಳೆ.”

“ವೆರಿ ಗುಡ್, ಚಪ್ಪಾಳೆ!”

ಹುಡುಗನ ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಟರ್ನ್ ಡೌನ್!”

ಈ ಸಲ ಹುಡುಗಿ ಶರಣುವನ್ನೇ ನೋಡಿದಳು. “ಐ ಟರ್ನ್ ಡೌನ್ ದಿಸ್ ಮ್ಯಾಚ್. ಓದು ಬಿಡಿಸೋ ಈ ಸಂಬಂಧ ನಾನು ಒಲ್ಲೆ.”

“ವೆರಿ ಗುಡ್! ಚಪ್ಪಾಳೆ!” ಅಂತ ನಾಗೇಂದ್ರಪ್ಪ ತಟ್ಟಿಯೇಬಿಟ್ಟ. ಒಬ್ಬನೇ ಯಾಕೆ ತಟ್ಟಲಿ ಪಾಪ ಅಂತ ನಾನೂ ತಟ್ಟಿದೆ.

ಹುಡುಗನ ತಾಯಿ ಎದ್ದಳು. “ಹುಡುಗಿ ಒಲ್ಲೆ ಅಂದ್ಲು, ಅಪ್ಪ ಚಪ್ಪಾಳೆ ಹೊಡೆದ. ಇನ್ನೇನು ಕೇಳಾಕೆ ಕುಂತೀಯ ಶರಣು? ನಡಿ.”

“ರೀ, ಅದು ಬರೇ ಎಕ್ಸಾಂಪಲ್ಲು ಕಣ್ರೀ!” ಎನ್ನುತ್ತಾ ನಾಗೇಂದ್ರಪ್ಪ ಅವರ ಕಾರಿನ ಹಿಂದೆ ಬರಿಗಾಲಲ್ಲೇ ಓಡಿದ.

ಒಳಗೆ ರೂಪಶ್ರೀ ಗಂಡಿನವರಿಗೆ ಕಟ್ಟಿಕೊಡಲೆಂದು ಎತ್ತಿಟ್ಟಿದ್ದ ಕೇಸರಿಬಾತನ್ನು ಅವ್ವನಿಗೆ ಬಡಿಸಿ, ನನ್ನ ತಟ್ಟೆಗೂ ಒಂದು ಸೌಟು ಹಾಕಿದಳು.