ಟೀವಿಯ ಹಿಂದೆ ಕೂತು ಕೇಳಿದ ಧಾರೆ

ಮದುವೆಯನ್ನು ಸೀಡಿಯಲ್ಲಿ ಹಾಕಿಕೊಂಡು ಊರಿಗೆಲ್ಲ ತೋರಿಸುತ್ತಿದ್ದ ಕಾಲ ಅದು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ದಿನವಿಡೀ ರೇಷ್ಮೆಗೂಡು ಬೇಯಿಸುವ ವಾಸನೆ. ಆ ಬೇಸಿಗೆಯಲ್ಲಿ ಮಾತ್ರ ನನ್ನ ಮೂಗಿಗೆ ಬೇವಿನ ಸೊಪ್ಪು ಬಿಟ್ಟು ಬೇರೇನೂ ತಾಕಲಿಲ್ಲ. ಅಪ್ಪನ ತಂಗಿ ಮಂಜುಳತ್ತೆಯ ಮದುವೆ ಹತ್ತಿರ ಬಂದಾಗಲೇ ನನ್ನ ಮೈತುಂಬ ಗುಳ್ಳೆ ಎದ್ದವು. ನಮ್ಮ ಕಡೆ ಅದಕ್ಕೆ ‘ಅಮ್ಮ ಬಂದಿದ್ದಾಳೆ’ ಅನ್ನುತ್ತಾರೆ. ಗುಳ್ಳೆ ಇಳಿದು ಮೈಗೆ ಬೇವಿನ ನೀರು ಹಾಕುವವರೆಗೆ ಮನೆಯೊಳಕ್ಕೆ ಯಾರೂ ಬರುವಂತಿಲ್ಲ, ಜೊತೆಗೆ ಒಳಗೆ ಉಳಿದವರು ಹೊಸಿಲು ದಾಟುವಂತಿಲ್ಲ. ಸಾರಿಗೆ ಒಗ್ಗರಣೆ ಕೂಡ ಇಲ್ಲ.

“ಧಾರೆ ಎರೆಯೋರು ನೀವಿಬ್ರು, ನೀವು ಹೊರಡಿ. ಪಾಪು ಜೊತೆ ನಾನಿರ್ತೀನಿ,” ಎಂದು ಅಜ್ಜಿ ನನ್ನ ಅಪ್ಪ, ಅಮ್ಮನನ್ನು ಚಿಂತಾಮಣಿಯ ಛತ್ರಕ್ಕೆ ಕಳಿಸಿಬಿಟ್ಟಳು. ಹೆತ್ತ ಮಗಳ ಮದುವೆಯನ್ನೇ ಬಿಟ್ಟಳು. ನಾನೋ, ಹೊರಗೆ ಕುಂಟೆಬಿಲ್ಲೆ ಆಡುವವರ ಗಲಾಟೆ ಕೇಳುತ್ತ ಎಲ್ಲರ ಮೇಲೂ ಹಲ್ಲು ಕಡಿಯುತ್ತಿದ್ದೆ. ಹೊಸ ಲಂಗ ಪೆಟ್ಟಿಗೆಯಲ್ಲೇ ಕೊಳೆಯುತ್ತಿತ್ತು.

ಮದುವೆ ಮುಗಿದು ಅತ್ತೆ ಗಂಡನ ಮನೆಗೆ ಹೋದ ಮೇಲೆ ಅಪ್ಪ ಬಂದು ಕಿಟಕಿಯಿಂದ ಒಂದು ಸೀಡಿಯನ್ನೂ ಅಕ್ಷತೆಯ ಪೊಟ್ಟಣವನ್ನೂ ಒಳಗೆ ತೂರಿಸಿದ. “ಧಾರೇದೊಂದು ಮೊದಲು ಹಾಕಿಸ್ಕೊಂಡು ಬಂದೆ, ನೋಡಮ್ಮ,” ಎಂದ ಅಜ್ಜಿಗೆ.

ಹಾಕಿದೆವು. ನಾದಸ್ವರ ಕೇಳಿತು, ಪರದೆ ಮಾತ್ರ ಬರೀ ನೀಲಿ.

“ಕೆಂಪು, ಬಿಳಿ ಸೌಂಡಿಗೆ ಕಣೇ. ಚಿತ್ರ ಬರೋದು ಹಳದಿ ಪಿನ್ನಲ್ಲಿ. ಕಿತ್ತು ಒರೆಸಿ ಹಾಕು,” ಎಂದು ಅಪ್ಪ ಬೀದಿಯಲ್ಲೇ ನಿಂತು ಹೇಳಿಕೊಟ್ಟ.

ಒರೆಸಿ ಹಾಕಿದೆ. ನೀಲಿಯೇ.

“ಮೇಲಕ್ಕೆ ಅಮುಕಿ ನೋಡು.”

ಅಮುಕಿದೆ. “ಬಂತು, ಬಂತು,” ಎಂದಳು ಅಜ್ಜಿ. ಕೈ ಬಿಟ್ಟೆ, ಹೋಯಿತು.

“ನೀನೇ ಬಂದು ಸರಿ ಮಾಡಪ್ಪ.”

“ನೀರು ಹಾಕೋವರ್ಗೂ ಬರಂಗಿಲ್ಲ ಪುಟ್ಟಿ. ಹಂಗೇ ಹಿಡ್ಕೊಂಡಿರು.”

ಟೀವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಬಿಸಿ ಡಬ್ಬಿಗೆ ಕೆನ್ನೆ ತಾಗಿಸಿಕೊಂಡು ಪಿನ್ನು ಹಿಡಿದು ಕೂತೆ. ಬೆನ್ನೆಲ್ಲ ನವೆ, ತುರಿಸಿಕೊಂಡರೆ ಕೈ ಅಲುಗಿ ಚಿತ್ರ ಹೋಗುತ್ತದೆ. ಅಳು ಬಂತು. ಅಷ್ಟರಲ್ಲಿ ಪರದೆಯ ಕಡೆಯಿಂದ ಅಜ್ಜಿಯ ದನಿ: “ತಲೆ ಬಗ್ಗಿಸ್ಕೋ ಮಂಜು, ತಾಳಿ ಕಟ್ತಾರೆ.”

ಗಟ್ಟಿಮೇಳ ಮೊಳಗಿತು. ಟೀವಿಯ ಮೇಲಿಂದ ಅಕ್ಷತೆ ಹಾರಿ ಬಂದು ನನ್ನ ತಲೆಯ ಮೇಲೆ ಬಿತ್ತು.

“ಅಳ್ತಿದೀಯ ಅಜ್ಜಿ?”

“ಇಲ್ಲ ಕಣೇ. ಛತ್ರಕ್ಕೆ ಹೋಗಿದ್ರೆ ಇಷ್ಟು ಹತ್ರ ಬಿಡ್ತಿದ್ರಾ ನನ್ನ? ನಿಮ್ಮ ತಾತ ಹೋದ್ಮೇಲೆ ನಂಗೆ ಕಂಬದ ಹಿಂದೇನೇ ಜಾಗ.”



ಈಗ ಎಲ್ಲೋ ನಡೆಯುವ ಮದುವೆ ಆ ಕ್ಷಣವೇ ಫೋನಿನಲ್ಲಿ ಬರುತ್ತದೆ. ಸಂದಿಯಲ್ಲಿ ತೂರುವ ಕೆಲಸ ಯಾರಿಗೂ ಇಲ್ಲ. ಆದರೆ ಆವತ್ತೇ ನಾನೊಂದು ನಿರ್ಧಾರ ಮಾಡಿದ್ದೆ: ನನ್ನ ಮದುವೆಯಲ್ಲಿ ಅಜ್ಜಿಯ ಕೈ ಹಿಡಿದು ಮಂಟಪದ ಮುಂದೆಯೇ ಕೂರಿಸಬೇಕು, ಯಾರೇನಂದರೂ ಸರಿ. ನನ್ನ ಮದುವೆಯಾಗುವ ಹೊತ್ತಿಗೆ ಹಾಗೆ ಅನ್ನುವವರು ಯಾರೂ ಉಳಿದಿರಲಿಲ್ಲ. ಅಜ್ಜಿಯೂ ಇರಲಿಲ್ಲ.