ಡ್ರಮ್ಮಿನ ಮೇಲೆ ಕುರಿಯ ಗುರುತು

ಹಾಲಸಿದ್ದ ಹಾಲು ಕೊಂಡರೆ ಬೆರಳದ್ದಿ ನೋಡುವವನು, ತಕ್ಕಡಿ ಕಂಡರೆ ಅದರ ತಳ ತಡವುವವನು. ಚಿಂಚಲಿ ಕಡೆಯ ಕುರಿಗಾರರ ಮನೆತನ. ಬೇರೆಯವರ ಹಿಂಡಿನಲ್ಲಿ ಬೆರೆತ ಕುರಿಯನ್ನು ಗುರುತಿಸಲು ಅದರ ಕಿವಿಗೆ ಎರಡು ಸೀಳು, ಕೆಳಗೊಂದು ಅಡ್ಡಗೀರು ಹಾಕುವುದು ಅವರ ಪದ್ಧತಿ. ಕುರಿ ಮಾರಿ ನಿಪ್ಪಾಣಿಯಲ್ಲಿ ಕಂಪ್ಯೂಟರಿನಲ್ಲಿ ಪತ್ರಿಕೆ ಅಚ್ಚು ಮಾಡಿಕೊಡುವ ಡಿಟಿಪಿ ಅಂಗಡಿ ಇಟ್ಟ ಮೇಲೂ ಅವನು ಆ ಗುರುತು ಬಿಡಲಿಲ್ಲ. ಸ್ಟೂಲು, ಕತ್ತರಿ, ನೀರಿನ ತಂಬಿಗೆ, ಎಲ್ಲದರ ಮೇಲೂ ಕೊರೆದಿದ್ದ. ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ. ನನ್ನ ಕತ್ತರಿಯನ್ನೂ ಒಮ್ಮೆ ತನ್ನ ಗುರುತಿದೆಯೇ ಎಂದು ತಿರುಗಿಸಿ ನೋಡಿದ್ದ ಪುಣ್ಯಾತ್ಮ.

ತೊಂಬತ್ತೇಳರಲ್ಲಿ ಅವನ ಅಂಗಡಿಗೆ ಲೇಸರ್ ಪ್ರಿಂಟರ್ ಬಂತು. ಹೊಸ ಕಾರ್ಟ್ರಿಜ್ ಕೊಳ್ಳುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡ ಹಾಗೆ. ಅದಕ್ಕೇ ಕಾಗವಾಡದ ಜ್ಞಾನದೇವನನ್ನು ಹಿಡಿದ. ಜ್ಞಾನದೇವ ನಮ್ಮ ಪೇಟೆಯ ಖಾಲಿ ಕಾರ್ಟ್ರಿಜ್‌ಗಳನ್ನು ಚೀಲದಲ್ಲಿ ಒಯ್ದು, ಮಸಿಪುಡಿ ತುಂಬಿ ತಂದುಕೊಡುತ್ತಿದ್ದ. ಬರೀ ನಂಬಿಕೆಯ ಮೇಲೆ ನಡೆಯುವ ಕಸುಬು. ಹೆಸರು ಕೆಟ್ಟರೆ ಹೊಟ್ಟೆಗೇ ಪೆಟ್ಟು.

ಒಂದು ದಿನ ಜ್ಞಾನದೇವ ಹೇಳಿದ: "ಅಣ್ಣಾ, ಎರಡ ಸಲ ಬರೇ ಪುಡಿ ತುಂಬೇನ್ರಿ. ಒಳಗ ಹಾಳಿಗೆ ಅಕ್ಷರಾ ಒತ್ತೂ ಡ್ರಮ್ಮು, ಪುಡಿ ಒರಸೂ ಬ್ಲೇಡು ಸವದಾವು. ಈ ಸಲ ಪೂರಾ ಬಿಚ್ಚಿ ಅವನ್ನೂ ಬದಲಿ ಮಾಡೂಣು. ಆದ್ರೂ ಹೊಸಾದಕ್ಕಿಂತ ಸೋವಿ ಬೀಳತೈತಿ."

"ಪುಡಿ ಅಷ್ಟ ತುಂಬು," ಎಂದ ಹಾಲಸಿದ್ದ.

ಜ್ಞಾನದೇವ ಚಹಾ ಕುಡಿಯಲು ಹೋದದ್ದೇ ತಡ, ಹಾಲಸಿದ್ದ ನನ್ನಲ್ಲಿಗೆ ಬಂದು ದನಿ ತಗ್ಗಿಸಿದ. "ನಮ್ಮ ಡ್ರಮ್ಮು ಚೊಲೋ ಐತಿ ಮಾರಾಯಾ. ಅದನ್ನ ತಗದು ಬ್ಯಾರೆದವ್ರಿಗೆ ಹಾಕಿ, ಅವರ ಹಳೇದು ನಮಗ ಅಂಟಸ್ತಾನ. ಒಂದು ಸೂಜಿ ಕೊಡು."

ಸೂಜಿ ಒಯ್ದವನೇ ಕಾರ್ಟ್ರಿಜ್‌ನ ಮುಚ್ಚಳ ಎತ್ತಿ, ಒಳಗೆ ಮಿರಮಿರ ಹೊಳೆಯುತ್ತಿದ್ದ ಡ್ರಮ್ಮಿನ ಮೇಲೆ ಮನೆತನದ ಗುರುತನ್ನು ಸಣ್ಣದಾಗಿ ಕೊರೆದ.

ಕಾರ್ಟ್ರಿಜ್ ತಿರುಗಿ ಬಂದಾಗ ಗುರುತು ಅಲ್ಲೇ ಇತ್ತು. ಕಳುವಾಗಿಲ್ಲ ಎಂದು ಅವನಿಗೆ ಸಮಾಧಾನ. ಆದರೆ ತಂಬಾಕು ವ್ಯಾಪಾರಿ ಬಾಬಾಸಾಹೇಬರ ಮಗಳ ಮದುವೆ ಪತ್ರಿಕೆ ತೆಗೆದರೆ, ಪ್ರತಿ ಹಾಳೆಯ ತುದಿಗೆ, ನಡುವೆ, ಬುಡಕ್ಕೆ ಒಂದೇ ತರದ ಸಣ್ಣ ಕಪ್ಪು ಗೀರುಗಳು. ಬಾಬಾಸಾಹೇಬರು ಕೆಲಸ ವಾಪಸ್ ತಗೊಂಡು ಹೋದರು. ಹಾಲಸಿದ್ದನ ಪಿತ್ತ ನೆತ್ತಿಗೇರಿತು. ಪೇಟೆಯ ಒಂದೊಂದೇ ಅಂಗಡಿಗೆ ಹೋಗಿ, ಕಾಗವಾಡದವನು ಕಳ್ಳ, ಕಲಬೆರಕೆ ಪುಡಿ ತುಂಬುತ್ತಾನೆ ಎಂದು ಹೇಳಿಬಂದ.

ಮುಂದಿನ ವಾರ ಜ್ಞಾನದೇವನಿಗೆ ಯಾರೂ ಕಾರ್ಟ್ರಿಜ್ ಕೊಡಲಿಲ್ಲ. ಖಾಲಿ ಚೀಲ ಹಿಡಿದು ಹಾಲಸಿದ್ದನ ಮುಂದೆ ಬಂದು ನಿಂತ. ನಾನೂ ಹೊಲಿಗೆ ಬಿಟ್ಟು ಅಲ್ಲಿಗೆ ಹೋದೆ.

"ನನ್ನ ತಪ್ಪ ಏನೈತಿ ತೋರಸ್ರಿ," ಎಂದ.

ಹಾಲಸಿದ್ದ ಗೀರು ಬಿದ್ದ ಮದುವೆ ಪತ್ರಿಕೆಯ ಹಾಳೆಯನ್ನು ಮೇಜಿನ ಮೇಲೆ ಬಿಸಾಡಿದ. ಬುತ್ತಿ ತಂದಿದ್ದ ಅವನ ಹೆಂಡತಿ ಸಾವಕ್ಕ ಅದನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದಳು.

"ಏನ್ರಿ, ಇದು ನಮ್ಮ ಕುರಿ ಕಿವಿ ಗುರ್ತ ಅಲ್ಲೇನು? ಮಂದಿ ಮದವಿ ಕಾರ್ಡಿಗೂ ಹಾಕಾಕತ್ತೀರೇನು?"

ಜ್ಞಾನದೇವ ಕಾರ್ಟ್ರಿಜ್ ತೆಗೆದು ಮುಚ್ಚಳ ಎತ್ತಿ ನೋಡಿದ. ಡ್ರಮ್ಮಿನ ಮೇಲೂ ಅದೇ ಗುರುತು. ಕೂಗಾಡಲಿಲ್ಲ. "ಯಾವ ಯಾವ ಅಂಗಡ್ಯಾಗ ನನ್ನ ಕಳ್ಳ ಅಂದೀರಿ, ಅಲ್ಲೆಲ್ಲಾ ಈ ಹಾಳಿ ತೋರಿಸಿ ಬರ್ರಿ ಅಣ್ಣಾ," ಎಂದ.

ಹಾಲಸಿದ್ದ ಹೋದ. ಸಾವಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳಲ್ಲ, ಹೋಗದೆ ವಿಧಿ ಇರಲಿಲ್ಲ. ಒಂದೊಂದು ಅಂಗಡಿಯಿಂದಲೂ ನಗು ಕೇಳಿಸಿತು. ಜ್ಞಾನದೇವನ ಚೀಲ ಮತ್ತೆ ತುಂಬಿತು.

ಆಮೇಲೆ ಅವನು ಹಾಲಸಿದ್ದನ ಕಣ್ಣೆದುರೇ ಪೇಪರು ಹಾಸಿ, ಕಾರ್ಟ್ರಿಜ್ ಪೂರ್ತಿ ಬಿಚ್ಚಿ, ಹೊಸ ಡ್ರಮ್ಮು, ಬ್ಲೇಡು ಹಾಕಿದ. ಹಳೆಯ ಡ್ರಮ್ಮನ್ನು ಒರೆಸಿ ಅವನ ಕೈಗಿಟ್ಟ.

"ನಿಮ್ಮದು ನಿಮಗ."

ಹಾಲಸಿದ್ದ ತಲೆ ತಗ್ಗಿಸಿಕೊಂಡೇ ಇಸಿದುಕೊಂಡ. ಅವನ ಹೆಬ್ಬೆರಳು ಮಾತ್ರ, ಇದು ತನ್ನದೇ ಹೌದೋ ಅಲ್ಲವೋ ಎಂದು, ಡ್ರಮ್ಮಿನ ಮೇಲೆ ಗುರುತು ಹುಡುಕುತ್ತಿತ್ತು. ಜ್ಞಾನದೇವ ಅದನ್ನು ನೋಡಿದ. ಅಂದಿನಿಂದ ಸಾಕ್ಷಿಗೆ ಸಾವಕ್ಕ ಅಂಗಡಿಯಲ್ಲಿದ್ದರೆ ಮಾತ್ರ ಅವನು ಒಳಗೆ ಬರುತ್ತಿದ್ದ.