ಪಂಚಮಿಯ ಖರ್ಚಿಗೆ ಮಂಜೂರಾತಿ

ನನ್ನ ಅಪ್ಪನ ಉಳಿತಾಯವನ್ನು ನಮ್ಮ ಬಳಗದವರು ಇಂದಿಗೂ ಕೊಂಡಾಡುತ್ತಾರೆ. ಮದುವೆ ಮನೆಯಲ್ಲಿ ನಾಲ್ಕು ಜನ ಸೇರಿ, ಯಾರದೋ ಮಗ ದುಡ್ಡು ಹಾಳು ಮಾಡಿದ ಸುದ್ದಿ ಬಂತೆಂದರೆ ಸಾಕು, "ಸಂಸಾರ ಮಾಡಿದ್ರ ನಿಮ್ಮಪ್ಪನಂಗ ಮಾಡಬೇಕ್ರೀ" ಎಂದು ಒಬ್ಬರಾದರೂ ನನ್ನ ಕಡೆ ತಿರುಗಿ ಹೇಳುತ್ತಾರೆ. ನಾನು ಎಲೆಯ ಮೇಲಿನ ಬೂಂದಿ ಎಣಿಸುತ್ತೇನೆ. ಅವರಿಗೇನು, ಹೊಗಳುವುದಕ್ಕೆ ಖರ್ಚಿಲ್ಲ. ಆ ಸಂಸಾರದೊಳಗೆ ಕೂತು ಉಂಡವಳು ನಾನು.

ಅಪ್ಪ ಜಮಖಂಡಿ ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಿದ್ದ. ಸಂಸ್ಥಾನ ಮುಂಬಯಿ ಸರಕಾರಕ್ಕೆ ಸೇರಿದಾಗ ಕಚೇರಿಯ ಬಾಗಿಲ ಮೇಲಿನ ಹಲಗೆ ಬದಲಾಯಿತು, ಒಳಗಿದ್ದ ಕುರ್ಚಿ ಮೇಜುಗಳ ಜೊತೆ ಅಪ್ಪನೂ ಅಲ್ಲೇ ಉಳಿದ. ಪಗಾರ ಒಂದು ಆಣೆಯೂ ಕಡಿಮೆಯಾಗಲಿಲ್ಲ. ಆದರೆ ಹೆಚ್ಚಾದ ನೌಕರರನ್ನು ಹೊಸ ಸರಕಾರ ಮನೆಗೆ ಕಳಿಸುತ್ತದಂತೆ ಎಂದು ಯಾರೋ ಚಹಾದ ಅಂಗಡಿಯಲ್ಲಿ ಹೇಳಿದ್ದರು. ಅಂದಿನಿಂದ ಅಪ್ಪನ ಬಾಯಲ್ಲಿ ಒಂದೇ ಮಾತು, "ಮುಂದ ಹೆಂಗ?" ನೌಕರಿ ಕಾಯಂ ಎಂದು ಕಾಗದ ಕೈಗೆ ಬಂದ ಮೇಲೂ ಆ ಮಾತು ನಿಲ್ಲಲಿಲ್ಲ. ಹೆದರಿಕೆಗೆ ಕಾರಣ ಇಲ್ಲವಾದರೂ ರುಚಿ ಹತ್ತಿಬಿಟ್ಟಿತ್ತು.

ಸಂಸ್ಥಾನದ ಹಳೆಯ ಫಾರ್ಮುಗಳನ್ನು ರದ್ದಿಯವನು ತೂಕಕ್ಕೆ ಮಾರುತ್ತಿದ್ದ. ಅಪ್ಪ ಅದರದೊಂದು ಕಟ್ಟು ತಂದು, ಖಾಲಿಯಿದ್ದ ಹಿಂಬದಿಯ ಮೇಲೆ ಮನೆಯ ಕಾನೂನುಗಳನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸತೊಡಗಿದ. ರಾಜ್ಯ ಕಳೆದುಕೊಂಡ ದೊರೆಗಳೆಲ್ಲ ಸುಮ್ಮನೆ ಕೂತಿದ್ದ ಕಾಲದಲ್ಲಿ ಅವರ ಕಾರಕೂನ ನಮ್ಮ ಎರಡು ಖೋಲಿಯ ಮನೆಯಲ್ಲಿ ದರಬಾರು ಶುರುಮಾಡಿದ್ದ. ಚಹಾಪುಡಿ ಎರಡು ಸಲ ಕುದಿಯಬೇಕು. ಮೊದಲ ನೀರು ಅಪ್ಪನಿಗೆ, ಎರಡನೆಯದು ಅವ್ವನಿಗೂ ನನಗೂ. ಒಗ್ಗರಣೆಯ ಎಣ್ಣೆಯನ್ನು ಕಚೇರಿಗೆ ಹೋಗುವ ಮುಂಚೆ ಅಪ್ಪನೇ ಚಮಚದಲ್ಲಿ ಅಳೆದು ಬಟ್ಟಲಿಗೆ ಹಾಕಿಡುತ್ತಿದ್ದ. ಸಾಬೂನಿನ ವಡಿಯನ್ನು ದಾರದಿಂದ ನಾಲ್ಕು ಹೋಳು ಮಾಡುತ್ತಿದ್ದ. ಅವನ ತಪಕೀರಿಗೆ ಮಾತ್ರ ಯಾವ ಕಾನೂನೂ ಇರಲಿಲ್ಲ. ಮೂಗಿಗೆ ಪುಡಿ ಏರದಿದ್ದರೆ ತಲೆ ಓಡುವುದಿಲ್ಲವಂತೆ, ತಲೆ ಓಡದಿದ್ದರೆ ಉಳಿತಾಯ ಮಾಡುವವರು ಯಾರು?

ಎಲ್ಲಕ್ಕಿಂತ ದೊಡ್ಡ ಕಾನೂನು, ಒಂದು ಖರ್ಚಿನಲ್ಲಿ ಎರಡು ಕೆಲಸ. ನನಗೆ ಜ್ವರ ಬಂದರೆ ಅವ್ವ ತನ್ನ ಕೆಮ್ಮನ್ನೂ ಅದೇ ದಿನ ವೈದ್ಯರಿಗೆ ತೋರಿಸಿಕೊಂಡು ಬರಬೇಕು. ಅವ್ವನಿಗೆ ಆ ದಿನ ಕೆಮ್ಮು ಇಲ್ಲದಿದ್ದರೆ ನನ್ನ ಜ್ವರ ಎರಡು ದಿನ ಕಾಯಬೇಕು. ಇಷ್ಟರವರೆಗೆ ನಗಬಹುದು. ಕಾನೂನು ಪಂಚಮಿಗೆ ಬಂದು ಮುಟ್ಟಿದಾಗ ನಗೆ ನಿಂತಿತು.

ನಮ್ಮ ಕಡೆ ಶ್ರಾವಣದ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗುತ್ತಾನೆ. ಅವ್ವನಿಗೆ ಒಡಹುಟ್ಟಿದ ಅಣ್ಣತಮ್ಮಂದಿರು ಇರಲಿಲ್ಲ. ಅವಳ ತವರೆಂದರೆ ನನ್ನ ಅಜ್ಜಿ, ಅಷ್ಟೆ. ಅಜ್ಜಿ ಮುಧೋಳದಲ್ಲಿ ತನ್ನ ಗಂಡನ ಅಣ್ಣನ ಮಗನ ತುಂಬಿದ ಮನೆಯಲ್ಲಿದ್ದಳು. ಅಲ್ಲಿಂದ ಕರೆಯಲು ಯಾರೂ ಬರುತ್ತಿರಲಿಲ್ಲ. ಅವ್ವ ಪ್ರತಿವರ್ಷ ನನ್ನನ್ನು ಕರೆದುಕೊಂಡು ತಾನೇ ಹೋಗಿ ನಾಲ್ಕು ದಿನ ಇದ್ದು ಬರುತ್ತಿದ್ದಳು. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಆ ನಾಲ್ಕು ದಿನ ಅವ್ವ ಬೇರೆಯೇ ಹೆಂಗಸಾಗಿರುತ್ತಿದ್ದಳು. ಜೋಕಾಲಿಯ ಮೇಲೆ ನಿಂತು ಜೀಕುತ್ತ ನಮಗಿಂತ ಜೋರಾಗಿ ಕೂಗುತ್ತಿದ್ದಳು.

ಮುಂಬಯಿ ಸರಕಾರದ ಮೊದಲ ಶ್ರಾವಣದಲ್ಲಿ ಅಪ್ಪ ಹೇಳಿದ, "ಬರೂ ವೈಶಾಖದಾಗ ಮುಧೋಳದ ಮನ್ಯಾಗ ಲಗ್ನ ಐತಿ. ಹೆಂಗೂ ಹೋಗಬೇಕು. ಈಗೊಮ್ಮೆ, ಆಗೊಮ್ಮೆ ಯಾಕ? ಲಗ್ನಕ್ಕ ಹೋದಾಗ ಪಂಚಮಿನೂ ಮುಗಿಸಿಕೊಂಡ ಬಾ."

"ವೈಶಾಖದಾಗ ಪಂಚಮಿ ಹೆಂಗ ಮಾಡೂದ್ರಿ?" ಎಂದಳು ಅವ್ವ.

"ಪಂಚಮಿ ಉಂಡಿ ಯಾವಾಗ ತಿಂದ್ರೂ ಉಂಡಿನ."

ವೈಶಾಖದ ಲಗ್ನ ಮುಂದಕ್ಕೆ ಹೋಯಿತು. ಪಂಚಮಿಯೂ ಅದರ ಬಾಲ ಹಿಡಿದುಕೊಂಡು ಮುಂದಕ್ಕೆ ಹೋಯಿತು. ಮರುವರ್ಷ ಅಪ್ಪನಿಗೆ ಕಚೇರಿ ಕೆಲಸದ ಮೇಲೆ ಮುಧೋಳಕ್ಕೆ ಹೋಗುವ ಸಂಭವವಿತ್ತಂತೆ, ಆಗ ಜೊತೆಗೆ ಹೋದರಾಯಿತು ಎಂದ. ಆ ಸಂಭವ ಬರಲೇ ಇಲ್ಲ. ಮುಧೋಳದಿಂದ ಬಂದವರು ಯಾರಾದರೂ ಸಂತೆಯಲ್ಲಿ ಸಿಕ್ಕರೆ ಅವ್ವ ಕೇಳುವ ಪ್ರಶ್ನೆ ಒಂದೇ, "ನಮ್ಮವ್ವ ಎದ್ದು ಅಡ್ಡಾಡತಾಳೇನ್ರಿ?" ಮೊದಲ ವರ್ಷ ಅಡ್ಡಾಡುತ್ತಾಳೆ ಎಂದರು. ಎರಡನೆಯ ವರ್ಷ, ಗೋಡೆ ಹಿಡಿದು ಅಡ್ಡಾಡುತ್ತಾಳೆ ಎಂದರು.

ಅದರ ಮುಂದಿನ ಬೇಸಿಗೆಯಲ್ಲಿ ಅವ್ವ ಕೌದಿ ಹೊಲಿಯಲು ಕೂತಳು. ಹಳೆಯ ಸೀರೆ, ಅಪ್ಪನ ಹರಿದ ಧೋತರ, ಬಣ್ಣ ಹೋದ ರುಮಾಲು, ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದಳು. ಅಪ್ಪನಿಗೆ ಹಿಡಿಸಲಾರದಷ್ಟು ಖುಷಿ. ಮನೆಗೆ ಬಂದವರ ಮುಂದೆ ಕೌದಿಯನ್ನು ಬಿಡಿಸಿ ತೋರಿಸುತ್ತಿದ್ದ. "ನೋಡ್ರಿ, ಒಂದ ಪೈ ಖರ್ಚಿಲ್ಲ. ಹೆಣ್ಣು ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದ. ಹೊಲಿದು ಮುಗಿಯುವ ಮೊದಲೇ ಅದನ್ನು ತನ್ನ ಹಾಸಿಗೆಗೆ ಎಳೆದುಕೊಂಡ.

ಇನ್ನು ನನ್ನ ವಿಷಯ. ಅಪ್ಪನನ್ನು ಇಷ್ಟು ಆಡಿಕೊಂಡ ಮೇಲೆ ನನ್ನನ್ನು ಬಿಟ್ಟರೆ ನ್ಯಾಯವಲ್ಲ. ನನಗೆ ಆಗ ಹನ್ನೆರಡು ವರ್ಷ. ಸಾಲಿಯಲ್ಲಿ ಲೆಕ್ಕದಲ್ಲಿ ಜಾಣೆ. ಹೊಸ ಸರಕಾರ ಕಚೇರಿಗೆ ಆಡಿಟರನನ್ನು ಕಳಿಸುತ್ತಿತ್ತು; ಅವನನ್ನು ಕಂಡರೆ ಅಪ್ಪ ನಡುಗುತ್ತಿದ್ದ. ಮನೆಗೆ ಬಂದು ಆ ನಡುಕವನ್ನು ಬೇರೆಯವರಿಗೆ ದಾಟಿಸಬೇಕಲ್ಲ, ನನ್ನನ್ನೇ ಮನೆಯ ಆಡಿಟರ್ ಮಾಡಿದ. ಜೋಳದ ಡಬ್ಬಿಯಲ್ಲಿ ಎಷ್ಟು ಉಳಿದಿದೆ, ಬೆಲ್ಲದ ಹೆಂಟೆಯಲ್ಲಿ ಎಷ್ಟು ಕರಗಿದೆ ಎಂದು ನಾನು ದಿನಾ ಸಂಜೆ ಅಪ್ಪನಿಗೆ ಒಪ್ಪಿಸಬೇಕು. ನಾನು ಎಷ್ಟು ಉಬ್ಬಿದೆನೆಂದರೆ, ಅವ್ವ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೂ ಕಣ್ಣು ಬಿಟ್ಟು ನೋಡುತ್ತಿದ್ದೆ. ಅಂಥ ಮಗಳನ್ನು ನನ್ನ ಹೊಟ್ಟೆಯಲ್ಲಿ ದೇವರು ಹುಟ್ಟಿಸಲಿಲ್ಲ, ಅವನ ಉಪಕಾರ.

ಆಷಾಢದಲ್ಲಿ ಒಂದು ದಿನ ಬಿಸಿಲು ಬಿತ್ತೆಂದು ಅವ್ವ ಹಾಸಿಗೆಗಳನ್ನೆಲ್ಲ ಹೊರಗೆ ಹಾಕಿದಳು. ಮಧ್ಯಾಹ್ನ ಅವುಗಳನ್ನು ಮಡಚಿ ಒಳಗೆ ತರಲು ನಾನು ಹೋದೆ. ಹೊಸ ಕೌದಿ ಎತ್ತಿದರೆ ಭಾರ. ಹೊಲಿಗೆಯ ಮೇಲೆ ಕೈಯಾಡಿಸಿದೆ. ಒಂದು ಹಸಿರು ತುಂಡಿನ ಕೆಳಗೆ ದುಂಡನೆಯದೇನೋ ಬೆರಳಿಗೆ ಹತ್ತಿತು. ಪಕ್ಕದ ತುಂಡಿನ ಕೆಳಗೆ ಇನ್ನೊಂದು. ಒಂದೊಂದು ತುಂಡಿನ ಕೆಳಗೂ ಅವ್ವ ಒಂದೊಂದು ನಾಣ್ಯ ಇಟ್ಟು ಹೊಲಿದಿದ್ದಳು. ಅಪ್ಪ ಕಚೇರಿಯಲ್ಲಿ, ನಾನು ಸಾಲಿಯಲ್ಲಿ ಇರುವಾಗ ಅವ್ವ ಎದುರು ಓಣಿಯ ವಕೀಲರ ಮನೆಗೆ ಹೋಗಿ ಶಾವಿಗೆ ಹೊಸೆದು ಕೊಟ್ಟು ಗಳಿಸಿದ ದುಡ್ಡು ಅದು ಎಂದು ಆಮೇಲೆ ಗೊತ್ತಾಯಿತು. ಮುಧೋಳಕ್ಕೆ ಹೋಗಿ ಬರುವ ಬಸ್ಸಿನ ಖರ್ಚನ್ನು ಗಂಡನ ಮೈಮೇಲೆಯೇ ಹೊದಿಸಿ ಕಾಪಾಡಿಕೊಂಡಿದ್ದಳು. ಯಾರಿಂದ ಕಾಪಾಡಬೇಕಿತ್ತೋ ಅವನನ್ನೇ ಕಾವಲಿಗೆ ಇಟ್ಟಿದ್ದಳು! ಇವತ್ತಿಗೂ ನೆನೆದರೆ ನನಗೆ ಅವ್ವನ ಬಗ್ಗೆ ಹೆಮ್ಮೆಯಾಗುತ್ತದೆ. ಆವತ್ತು ಆಗಲಿಲ್ಲ.

ಆವತ್ತು ನಾನು ಹೊರಬಾಗಿಲಲ್ಲಿ ಕಾದು ನಿಂತೆ. ಅಪ್ಪ ಬಂದ. ರುಮಾಲು ತೆಗೆದಿಡುವುದಕ್ಕೂ ಬಿಡದೆ ಹೇಳಿದೆ, "ಅಪ್ಪಾ, ಕೌದ್ಯಾಗ ರೊಕ್ಕ ಅದಾವು."

ಅಪ್ಪ ಹಳೆಯ ಬ್ಲೇಡು ತಂದು ಹೊಲಿಗೆ ಬಿಚ್ಚತೊಡಗಿದ. ಮತ್ತೆ ಉಪಯೋಗಕ್ಕೆ ಬರಲೆಂದು ದಾರ ಹರಿಯದಂತೆ ಎಳೆದೆಳೆದು ಸುತ್ತಿಡುತ್ತಿದ್ದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಪಂಚಮಿಗೆ ಇಟ್ಟಿದ್ನಿರಿ. ವಕೀಲರ ಮನ್ಯಾಗ ಶಾವಿಗಿ ಹೊಸೆದು ನಾನ ದುಡದದ್ದು" ಎಂದಳು.

"ಮನೀ ಹೆಣಮಗಳು ಮಂದಿ ಮನ್ಯಾಗ ಹೋಗಿ ಶಾವಿಗಿ ಹೊಸೆದ ದುಡ್ಡು!" ಅಪ್ಪ ತಲೆ ಎತ್ತದೆ ಹೇಳಿದ. ದುಡ್ಡು ಅವಮಾನದ್ದಾದರೂ ಒಂದು ನಾಣ್ಯವನ್ನೂ ಅವನು ಹಿಂದಕ್ಕೆ ಕೊಡಲಿಲ್ಲ. "ಇದನ್ನ ಹುಡಿಗಿ ಹೆಸರಲೆ ಪೋಸ್ಟಿನ್ಯಾಗ ಇಡತೇನಿ. ಮುಂದ ಆಕಿ ಲಗ್ನಕ್ಕ ಆಗತೈತಿ. ಖರೆ ಅಂದ್ರ ಆಕೀನ ಹುಡುಕಿದ್ದು. ಶಾಣ್ಯಾಕಿ ನನ್ನ ಮಗಳು!"

ಅವ್ವ ನನ್ನನ್ನು ನೋಡಿದಳು. ಮರುದಿನ ಕೂತು ಬಿಚ್ಚಿದ ತುಂಡುಗಳನ್ನು ಅದೇ ದಾರದಿಂದ ಮತ್ತೆ ಹೊಲಿದಳು.

ಆ ಪಂಚಮಿಗೂ ಹೋಗಲಾಗಲಿಲ್ಲ. ಮಹಾನವಮಿಗೆ ಇನ್ನೂ ವಾರವಿರುವಾಗ ಮುಧೋಳದಿಂದ ಒಬ್ಬರು ಮುಂಜಾನೆಯ ಬಸ್ಸಿಗೆ ಬಂದು ಅಜ್ಜಿ ತೀರಿಕೊಂಡ ಸುದ್ದಿ ಹೇಳಿದರು. ಮೂರು ವರ್ಷ ಇಲ್ಲದ ಮಂಜೂರಾತಿ ಒಂದು ನಿಮಿಷದಲ್ಲಿ ಸಿಕ್ಕಿತು. ಬದುಕಿದ್ದವಳನ್ನು ನೋಡುವುದು ಚೈನಿಯಾಗಿತ್ತು, ಸತ್ತವಳನ್ನು ನೋಡುವುದು ಕರ್ತವ್ಯವಾಗಿತ್ತು. ಹೋಗದಿದ್ದರೆ ಜನ ಏನೆಂದಾರು? ಮೂವರೂ ಹೊರಟೆವು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಗಂಡಸರು ಸ್ನಾನ ಮಾಡಿ ಕೂತಿದ್ದರು. ಅವ್ವನಿಗೆ ತನ್ನ ಅವ್ವನ ಮುಖ ನೋಡಲು ಸಿಗಲಿಲ್ಲ.

ಹೊರಡುವಾಗ ಆ ಮನೆಯ ಸೊಸೆ ಒಳಗಿನಿಂದ ಮೂರು ಕುಪ್ಪಸದ ಖಣ ತಂದಳು. ಅಜ್ಜಿ ಪ್ರತಿ ಪಂಚಮಿಗೆ ಮಗಳು ಬರುತ್ತಾಳೆಂದು, ಅವಳ ಉಡಿ ತುಂಬಲು ಒಂದೊಂದು ಖಣ ತರಿಸಿ ಇಟ್ಟಿದ್ದಳಂತೆ. "ಸೂತಕದಾಗ ಉಡಿ ತುಂಬೂ ಹಂಗಿಲ್ಲವ್ವಾ, ಹಂಗ ಕೈಯಾಗ ತೊಗೊ" ಎಂದು ಕೊಟ್ಟಳು. ತವರಿನಿಂದ ಉಡಿ ತುಂಬಿಸಿಕೊಳ್ಳದೆ ಅವ್ವ ಹೊರಬಿದ್ದದ್ದು ಅದೇ ಮೊದಲು. ಮತ್ತೆ ಅವಳು ಆ ಮನೆಗೆ ಹೋಗಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ದುಃಖವಾಗಿದೆ ಎಂದು ನಾನು ತಿಳಿದಿದ್ದೆ. ಒಂದು ಚಿಟಿಕೆ ತಪಕೀರು ಏರಿಸಿ, ಅವ್ವನ ತೊಡೆಯ ಮೇಲಿದ್ದ ಖಣಗಳನ್ನು ಮುಟ್ಟಿ ನೋಡಿ ಹೇಳಿದ, "ಛಲೋ ಅದಾವು. ಈ ವರ್ಷ ಕುಪ್ಪಸದ ಖರ್ಚ ಉಳೀತು."

ಆ ಕ್ಷಣಕ್ಕೆ ನನ್ನ ಆಡಿಟರಿಕೆ ಮುಗಿಯಿತು. ಸಂಜೆ ಅಪ್ಪ ಜೋಳ ಎಷ್ಟಿದೆ ಎಂದು ಕೇಳಿದಾಗ ನೋಡಿಲ್ಲ ಎಂದೆ. ಮತ್ತೆ ಎಂದೂ ನೋಡಲಿಲ್ಲ. ಆದರೆ ಅವ್ವನ ಹತ್ತಿರ ತಪ್ಪಾಯಿತು ಎಂದು ಹೇಳುವ ಬಾಯಿ ನನಗೆ ಬರಲಿಲ್ಲ. ಹೇಳದೆ ವರ್ಷಗಳು ಹೋದವು.

ಹದಿನೇಳಕ್ಕೆ ನನ್ನನ್ನು ಬನಹಟ್ಟಿಗೆ ಮದುವೆ ಮಾಡಿ ಕೊಟ್ಟರು. ಅತ್ತೆಯ ಮನೆಯಲ್ಲಿ ನಾಲ್ಕು ಮಗ್ಗ. ಪೋಸ್ಟಿನಲ್ಲಿ ನನ್ನ ಹೆಸರಲ್ಲಿದ್ದ ದುಡ್ಡನ್ನು ಅಪ್ಪ ತೆಗೆದು ವರನಿಗೆ ಬೂಟು ತಂದ. "ನೋಡಿದೇನ? ಮುಂದಿನ ವಿಚಾರ ಮಾಡಿದ್ದಕ್ಕ ಇವತ್ತ ಕೆಲಸಕ್ಕ ಬಂತು" ಎಂದು ನನಗೆ ಹೇಳಿದ. ಬೂಟು ನನ್ನ ಗಂಡನ ಕಾಲಿಗೆ ಬಿಗಿಯಾಗಿ ಮೂಲೆಗೆ ಬಿತ್ತು. ಅವ್ವ ತನ್ನ ಅವ್ವನನ್ನು ನೋಡಲು ಕೂಡಿಟ್ಟ ದುಡ್ಡಿನಿಂದ ಯಾರಿಗೂ ಆಗದ ಒಂದು ಜೊತೆ ಬೂಟು ಬಂದಿತ್ತು.

ಮದುವೆಯಾದ ಮೊದಲ ಪಂಚಮಿ ಬಂತು. ನಮ್ಮ ಓಣಿಯ ಹೊಸ ಸೊಸೆಯರೆಲ್ಲ ಒಬ್ಬೊಬ್ಬರಾಗಿ ತವರಿಗೆ ಹೋದರು. ನನಗೆ ಅಪ್ಪನಿಂದ ಒಂದು ಕಾರ್ಡು ಬಂತು: ದಸರೆಗೆ ಹೇಗೂ ಕರೆಯಬೇಕು, ಎರಡೂ ಹಬ್ಬ ಒಂದೇ ಖರ್ಚಿನಲ್ಲಿ ಮುಗಿಯುತ್ತವೆ, ಬೇಜಾರು ಮಾಡಿಕೊಳ್ಳಬಾರದು. ಅತ್ತೆ ಕಾರ್ಡು ಓದಿಸಿ ಕೇಳಿ, "ನಿಮ್ಮಪ್ಪ ಭಾಳ ಶಾಣ್ಯಾ ಬಿಡವ್ವಾ" ಎಂದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಅಪ್ಪನ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ, ಮೂರು ವರ್ಷ ಅವ್ವ ಇದನ್ನೇ ನುಂಗಿಕೊಂಡಿದ್ದಳೆಂದು ಆಗ ಮೈಗೆ ತಿಳಿದು ಅಳು ಬಂತು.

ಪಂಚಮಿಯ ಹಿಂದಿನ ದಿನ ಮಧ್ಯಾಹ್ನ ಹೊರಗೆ ಯಾರೋ ಕೂಗಿದಂತಾಯಿತು. ಮಗ್ಗದ ಸಪ್ಪಳದಲ್ಲಿ ಮೊದಲು ಕೇಳಿಸಲಿಲ್ಲ. ಬಂದು ನೋಡಿದರೆ ಅಂಗಳದಲ್ಲಿ ಅವ್ವ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಉಂಡಿಯ ಬುಟ್ಟಿ. ಸೀರೆಯ ನಿರಿಗೆಯ ಮೇಲೆಲ್ಲ ಬಸ್ಸಿನ ಧೂಳು.

"ಬೀಗತೀ, ಮಗಳನ್ನ ಕರಿಯಾಕ ಬಂದೇನ್ರಿ" ಎಂದಳು ನನ್ನ ಅತ್ತೆಗೆ. ತಾಯಿ ಬಂದು ಕರೆಯುವ ಪದ್ಧತಿ ಇರಲಿಲ್ಲ. ಅತ್ತೆ ನೀರು ತರಲು ಒಳಗೆ ಹೋದರು.

"ಅಪ್ಪ ಕಳಿಸಿದನೇನಬೇ?" ಎಂದೆ.

"ಅವರು ಕಚೇರಿಗೆ ಹೋಗ್ಯಾರ. ಸಂಜೀಕ ಬಂದಾಗ ಗೊತ್ತಾಗತೈತಿ." ಅವ್ವ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರಸಿಕೊಂಡಳು. "ಲಗೂ ಲಗೂ ಅರಿವಿ ಕಟ್ಟಿಕೊ. ನಾಲ್ಕರ ಬಸ್ಸಿಗೆ ಹೋಗೂಣು. ಹೋಗಿ ಬರೂ ರೊಕ್ಕ ಐತಿ ನನ್ನ ಕಡೆ."

"ರೊಕ್ಕ ಎಲ್ಲಿಂದ ಬಂತಬೇ?" ನನ್ನ ಬಾಯಿಂದ ಬಂದೇಬಿಟ್ಟಿತು.

ಅವ್ವ ನನ್ನ ಗಲ್ಲ ಹಿಡಿದು ನಕ್ಕಳು. "ಅದನ್ನೊಂದು ನಿನಗ ಹೇಳಂಗಿಲ್ಲ, ಯವ್ವಾ" ಎಂದಳು.

ಅವಳು ನಗುತ್ತಲೇ ಹೇಳಿದಳು, ಸಿಟ್ಟಿರಲಿಲ್ಲ. ನಾನು ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಸೀರೆ ಮಡಚತೊಡಗಿದೆ.